ಹಳೇ ಫೋರ್‌ವ್ಹೀಲ್ ಪಿಕಪ್ ಎತ್ತರಿಸಬೇಕು: ಕಮಾನ್, ಟಾರ್ಷನ್ ಬಾರ್, ಬಾಡಿ ಲಿಫ್ಟ್, ಟೈರ್, ಯಾವ ದಾರಿ?

ತೋಟದಗಾಡಿ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಟಾಟಾ ಕ್ಸೆನಾನ್ ಎಕ್ಸ್‌ಟಿ, 2.2 ಡೈಕಾರ್ ಡೀಸೆಲ್ ಎಂಜಿನ್, ಫೋರ್‌ವ್ಹೀಲ್. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಸರಳು), ಹಿಂದೆ ಕಮಾನ್ ಪಟ್ಟಿ. ಈಗಿರುವ ಟೈರ್ 235/70 ಆರ್ 16. ಪೇಟೆಗೆ ಹೋಗಿಬರುವುದು ಬಿಟ್ಟರೆ ಗಾಡಿಗೆ ಕೆಲಸವೆಲ್ಲ ತೋಟದ ಒಳಗೇ. ಗೊಬ್ಬರ, ಸ್ಪ್ರಿಂಕ್ಲರ್ ಪೈಪು, ಕೊಯ್ಲಿನಲ್ಲಿ ಕಾಫಿ ಹಣ್ಣಿನ ಮೂಟೆ.

ಮಳೆಗಾಲ ಕಳೆಯುವ ಹೊತ್ತಿಗೆ ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಆಳ ಜಾಡು ಬಿದ್ದಿರುತ್ತದೆ. ನಡುವೆ ಮಣ್ಣಿನ ದಿಂಡು. ಗಾಡಿಯ ತಳ ಅದಕ್ಕೆ ಉಜ್ಜುತ್ತದೆ, ಕೆಲವು ಕಡೆ ಪೂರ್ತಿ ಕೂತುಬಿಡುತ್ತದೆ. ಆಮೇಲೆ ಚಕ್ರ ಸುಮ್ನೆ ತಿರುಗುತ್ತದೆ, ಗಾಡಿ ಕದಲುವುದಿಲ್ಲ.

ಒಂದು ಗ್ಯಾರೇಜಿನಲ್ಲಿ ವಿಚಾರಿಸಿದೆ. ಮುಂದೆ ಬಾರ್ ಬಿಗಿ ಮಾಡಿ, ಹಿಂದೆ ಆಕ್ಸಲ್ಲಿಗೂ ಕಮಾನಿಗೂ ನಡುವೆ ಬ್ಲಾಕ್ (ಗಟ್ಟಿ ತುಂಡು) ಇಟ್ಟು ಮೂರು ಇಂಚು, ಮೇಲೆ ಎರಡು ಇಂಚು ಬಾಡಿ ಲಿಫ್ಟ್, ಒಟ್ಟು ಐದು ಇಂಚು ಎತ್ತಬಹುದು ಅಂದರು. ಇನ್ನೊಂದು ಕಡೆ, ಅದೆಲ್ಲ ಬೇಡ, ದೊಡ್ಡ ಟೈರ್ ಹಾಕಿ ಸಾಕು ಅಂದರು. ಇಬ್ಬರ ಮಾತಿಗೂ ಇಷ್ಟು ಅಂತರ ಯಾಕೆ? ತಿಳಿದವರು ದಯವಿಟ್ಟು ಹೇಳಿ.

ಕೆಸರುದಾರಿ, ಬೆಂಗಳೂರು

ಅಣ್ಣಾ, ಒಳ್ಳೇ ಗಾಡಿ ಇಟ್ಟಿದ್ದೀರಿ. ಐದು ಇಂಚು ಜಾಸ್ತಿ ಆಯಿತು. ನನ್ನ ಪ್ರಕಾರ ಮೂರು ಇಂಚಿನ ಸಸ್ಪೆನ್ಷನ್ ಲಿಫ್ಟ್, 265/75 ಆರ್ 16 ಮಡ್ ಟೈರ್. ಇದು ಎಲ್ಲ ಕಡೆ ನಡೆಯುವ ಜೋಡಿ. ನಮ್ಮ ಗುಂಪಿನಲ್ಲಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಇಟ್ಟವರು ಮುಂದೆ ಸ್ಪ್ರಿಂಗ್ ಮೇಲೆ ಸ್ಪೇಸರ್ ಬಿಲ್ಲೆ, ಹಿಂದೆ ಒಂದು ಪಟ್ಟಿ ಜಾಸ್ತಿ ಹಾಕಿಸಿ ಆರಾಮಾಗಿ ಓಡಿಸುತ್ತಿದ್ದಾರೆ. ಪೇಟೆ ಕೆಲಸಕ್ಕೂ ಅದೇ ಗಾಡಿ.

ಕಮಾನ್ ಕೆಲಸ, ಹಾಸನ

ತೋಟದಗಾಡಿ ಸರ್, ಯಾರ ಮಾತು ಕೇಳುವ ಮೊದಲೂ ಒಂದು ವಿಷಯ ಗೊತ್ತಾಗಬೇಕು. ನಿಮ್ಮ ಗಾಡಿಯಲ್ಲಿ ದಿಂಡಿಗೆ ತಾಗುತ್ತಿರುವುದು ಯಾವ ಭಾಗ? "ತಳ" ಅಂದರೆ ಸಾಲದು. ಹಿಂದಿನ ಡಿಫರೆನ್ಷಿಯಲ್ ಹೌಸಿಂಗ್ (ಆಕ್ಸಲ್ ನಡುವೆ ಗೇರ್ ಇರುವ ಉಬ್ಬು) ತಾಗುತ್ತಿದ್ದರೆ ಒಂದು ಔಷಧ, ಗೇರ್‌ಬಾಕ್ಸ್ ಕೆಳಗಿನ ಅಡ್ಡ ಮೆಂಬರ್ ತಾಗುತ್ತಿದ್ದರೆ ಬೇರೆ ಔಷಧ, ಹಿಂದಿನ ಬಂಪರ್ ಇಳಿಜಾರಿನಲ್ಲಿ ಕೆರೆಯುತ್ತಿದ್ದರೆ ಮೂರನೆಯದು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಹಿಂದಿನ ಆಕ್ಸಲ್ ಒಂದೇ ಗಟ್ಟಿ ಕೊಳವೆ, ಅದರ ಎರಡು ತುದಿಯಲ್ಲಿ ಚಕ್ರ. ಕಮಾನ್ ಇರುವುದು ಆಕ್ಸಲ್‌ಗೂ ಚಾಸಿಗೂ ನಡುವೆ. ಕಮಾನ್ ಎತ್ತರಿಸಿದರೆ, ಬ್ಲಾಕ್ ಇಟ್ಟರೆ, ಕಮಾನಿನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಉದ್ದ ಮಾಡಿದರೆ, ಏನೇ ಮಾಡಿದರೂ ಮೇಲೆ ಹೋಗುವುದು ಚಾಸಿ ಮಾತ್ರ. ಹೌಸಿಂಗ್ ಇದ್ದಲ್ಲೇ ಇರುತ್ತದೆ. ಮೂರು ಇಂಚು ಎತ್ತಿದರೂ ಹೌಸಿಂಗ್‌ಗೂ ನೆಲಕ್ಕೂ ನಡುವಿನ ಜಾಗ ಒಂದು ಮಿಲಿಮೀಟರ್ ಹೆಚ್ಚುವುದಿಲ್ಲ. ಅದನ್ನು ಎತ್ತುವುದು ಟೈರ್ ಒಂದೇ.

ಟೈರಿನ ಲೆಕ್ಕ ನೋಡಿ. 235/70 ಆರ್ 16 ಟೈರಿನ ಒಟ್ಟು ಎತ್ತರ ಸುಮಾರು 735 ಮಿ.ಮೀ. 245/75 ಆರ್ 16 ಹಾಕಿದರೆ ಸುಮಾರು 774. ವ್ಯತ್ಯಾಸ 39 ಮಿ.ಮೀ. ಬಂತು. ಆದರೆ ಆಕ್ಸಲ್ ಇರುವುದು ಚಕ್ರದ ನಡುವೆ, ಹಾಗಾಗಿ ಹೌಸಿಂಗ್‌ಗೆ ಸಿಗುವುದು ಅದರ ಅರ್ಧ, 19 ಮಿ.ಮೀ. ಚಿಲ್ಲರೆ. ಮುಕ್ಕಾಲು ಇಂಚು. ದೊಡ್ಡ ಟೈರ್ ಹಾಕಿ ಸಾಕು ಅಂದವರು ಪೂರ್ತಿ ತಪ್ಪು ಹೇಳಿಲ್ಲ. ಐದು ಇಂಚು ಅಂದವರ ಐದರಲ್ಲಿ ಹೌಸಿಂಗ್‌ಗೆ ಸಿಗುವುದು ಸೊನ್ನೆ.

ಮುಂದಿನ ಡಿಫರೆನ್ಷಿಯಲ್ ಕಥೆ ಬೇರೆ. ಮುಂದೆ ನಿಮ್ಮದು ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡೂ ಚಕ್ರ ಬೇರೆ ಬೇರೆಯಾಗಿ ಏರಿಳಿಯುತ್ತವೆ), ಅದರಲ್ಲಿ ಮುಂದಿನ ಡಿಫರೆನ್ಷಿಯಲ್ ಚಾಸಿಗೇ ಕೂತಿರುತ್ತದೆ. ಮುಂದೆ ಎತ್ತಿದರೆ ಅದೂ ಮೇಲೆ ಬರುತ್ತದೆ.

ಆದ್ದರಿಂದ ಮೊದಲು ಹೀಗೆ ಮಾಡಿ. ಸುಣ್ಣ ಕಲಸಿ ಹೌಸಿಂಗ್, ಅಡ್ಡ ಮೆಂಬರ್, ಸೈಲೆನ್ಸರ್, ಡೀಸೆಲ್ ಟ್ಯಾಂಕಿನ ಗಾರ್ಡ್, ಬಂಪರ್ ತುದಿ, ಎಲ್ಲದಕ್ಕೂ ಬಳಿಯಿರಿ. ಒಣಗಿದ ಮೇಲೆ ಮಾಮೂಲಿ ಲೋಡ್ ಹಾಕಿ, ತೊಂದರೆ ಕೊಡುವ ಅದೇ ದಾರಿಯಲ್ಲಿ ಹೋಗಿ ಬನ್ನಿ. ಎಲ್ಲೆಲ್ಲಿ ಸುಣ್ಣ ಉಜ್ಜಿ ಹೋಗಿದೆ ಅನ್ನುವುದೇ ನಿಮ್ಮ ಉತ್ತರ.

ಜೊತೆಗೆ ಅಳತೆ ತೆಗೆಯಿರಿ. ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ. ಚಕ್ರದ ಹಬ್ಬಿನ ನಡುಬಿಂದುವಿನಿಂದ ಮಡ್‌ಗಾರ್ಡ್ ಕಮಾನಿನ ಅಂಚಿನವರೆಗೆ ನೇರವಾಗಿ ಅಳೆಯಿರಿ, ನಾಲ್ಕೂ ಕಡೆ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಸೇರಿಕೊಂಡು ಲೆಕ್ಕ ಕೆಡುತ್ತದೆ. ಖಾಲಿ ಗಾಡಿಗೆ ಒಮ್ಮೆ, ಲೋಡ್ ಹಾಕಿ ಒಮ್ಮೆ.

ಮಸ್ಕತ್ ಕನ್ನಡಿಗ

ಹಾಸನದವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಒಮಾನಿನಲ್ಲಿ 2004ರ ಹೈಲಕ್ಸ್ ಓಡಿಸುತ್ತೇನೆ. ಅದಕ್ಕೂ ಮುಂದೆ ಟಾರ್ಷನ್ ಬಾರ್, ಹಿಂದೆ ಕಮಾನ್. ನಿಮ್ಮ ಗಾಡಿಯ ಹಾಗೇ.

ಇಲ್ಲಿನ ಹಳೇ ಪಿಕಪ್‌ಗಳಲ್ಲಿ ಟಾರ್ಷನ್ ಬಾರ್ ತಿರುಗಿಸುವುದು ಎಲ್ಲರೂ ಮಾಡುವ ಮೊದಲ ಕೆಲಸ, ಯಾಕೆಂದರೆ ಖರ್ಚೇ ಇಲ್ಲ. ಒಂದು ಬೋಲ್ಟ್ ಬಿಗಿ ಮಾಡಿದರೆ ಮೂತಿ ಮೇಲೆದ್ದಿತು. ಆದರೆ ಅಲ್ಲಿ ಏನಾಗುತ್ತದೆ ಅನ್ನುವುದು ಗೊತ್ತಿರಬೇಕು. ಬಾರ್ ಹೊಸದಾಗುವುದಿಲ್ಲ, ಗಟ್ಟಿಯೂ ಆಗುವುದಿಲ್ಲ. ಆರ್ಮ್‌ಗಳು (ಚಕ್ರ ಹಿಡಿದಿರುವ ತೋಳುಗಳು) ನಿಲ್ಲುವ ಜಾಗ ಮಾತ್ರ ಬದಲಾಗುತ್ತದೆ. ಚಕ್ರಕ್ಕೆ ಮೇಲೆ ಹೋಗುವ ದಾರಿ ಒಂದಿಷ್ಟು, ಕೆಳಗೆ ಇಳಿಯುವ ದಾರಿ ಒಂದಿಷ್ಟು ಇರುತ್ತದೆ. ಎತ್ತಿದಷ್ಟೂ ಕೆಳಗೆ ಇಳಿಯುವ ದಾರಿಯನ್ನೇ ತಿಂದುಹಾಕುತ್ತೀರಿ. ಜಾಸ್ತಿ ತಿರುಗಿಸಿದರೆ ಸಣ್ಣ ಹಳ್ಳಕ್ಕೂ ಚಕ್ರ ಇಳಿಯುವುದಿಲ್ಲ, ಆರ್ಮ್ ಹೋಗಿ ಕೆಳಗಿನ ಸ್ಟಾಪರ್‌ಗೆ ಟಕ್ ಅಂತ ಹೊಡೆಯುತ್ತದೆ. ಗಾಡಿ ಗಡಸಾಯಿತು ಅನ್ನುತ್ತಾರಲ್ಲ, ಅದು ಈ ಹೊಡೆತ.

ಇನ್ನೊಂದು, ಡ್ರೈವ್ ಶಾಫ್ಟ್ ಓರೆಯಾಗುತ್ತದೆ. ಶಾಫ್ಟಿನ ತುದಿಯಲ್ಲಿ ಮಡಚುವ ಸಿವಿ ಜಾಯಿಂಟಿನ ರಬ್ಬರ್ ಬೂಟು ಹಿಗ್ಗಿ ಬಿರುಕು ಬಿಡುತ್ತದೆ, ಗ್ರೀಸ್ ಹೊರಗೆ, ಕೆಸರು ಒಳಗೆ. ನಿಮ್ಮ ಮಲೆನಾಡಿನ ಕೆಸರಿಗೆ ಜಾಯಿಂಟ್ ಬೇಗ ಹಾಳಾಗುತ್ತದೆ. ಕ್ಯಾಂಬರ್ (ಚಕ್ರದ ವಾಲು), ಟೋ (ಚಕ್ರ ಒಳಗೆ ಹೊರಗೆ ತಿರುಗಿರುವುದು) ಎರಡೂ ಬದಲಾಗುತ್ತವೆ, ಹಾಗಾಗಿ ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಟೈರ್ ಒಂದೇ ಅಂಚಿನಲ್ಲಿ ಸವೆದು ಹೋಗುತ್ತದೆ.

ನಾನು ಒಂದು ಇಂಚು ಎತ್ತಿ ನಿಲ್ಲಿಸಿದ್ದೇನೆ. ಒಂದೂವರೆಗಿಂತ ಮೇಲೆ ಯಾರಿಗೂ ಹೇಳುವುದಿಲ್ಲ. ಎತ್ತುವಾಗ ಮುಂಭಾಗ ಜಾಕ್ ಮೇಲೆ ನಿಲ್ಲಿಸಿ, ಚಕ್ರ ಜೋತುಬಿಟ್ಟು, ಭಾರ ಇಳಿದ ಮೇಲೇ ಬೋಲ್ಟ್ ತಿರುಗಿಸಬೇಕು. ಆಮೇಲೆ ಗಾಡಿ ಇಳಿಸಿ, ಹಿಂದೆ ಮುಂದೆ ನಾಲ್ಕು ಮಾರು ಓಡಾಡಿಸಿ, ಆಮೇಲೆ ಅಳೆಯಬೇಕು. ಇಳಿಸಿದ ಕೂಡಲೇ ಅಳೆದರೆ ಸುಳ್ಳು ಅಳತೆ ಬರುತ್ತದೆ.

ಕೆಸರುದಾರಿ, ಬೆಂಗಳೂರು

ಹಾಗಾದರೆ ವಿ-ಕ್ರಾಸ್‌ನವರು ಎರಡು ಇಂಚು ಎತ್ತಿದರೂ ಏನೂ ಆಗಿಲ್ಲವಲ್ಲ? ಅಲ್ಲೂ ಡ್ರೈವ್ ಶಾಫ್ಟ್ ಓರೆ ಆಗಲೇಬೇಕು ಅಲ್ವಾ?

ಮಸ್ಕತ್ ಕನ್ನಡಿಗ

ಆಗುತ್ತದೆ. ಆದರೆ ಅಲ್ಲಿ ಮುಂದೆ ಕಾಯಿಲ್ ಸ್ಪ್ರಿಂಗ್. ಸರಿಯಾದ ಕಿಟ್ ತಂದವರು ಉದ್ದದ ಶಾಕ್ ಅಬ್ಸಾರ್ಬರ್ ಸಮೇತ ಹಾಕುತ್ತಾರೆ, ಕೆಲವರು ಮುಂದಿನ ಡಿಫರೆನ್ಷಿಯಲ್ ಸ್ವಲ್ಪ ಕೆಳಗಿಳಿಸುವ ಬ್ರಾಕೆಟ್ ಕೂಡ ಹಾಕುತ್ತಾರೆ, ಶಾಫ್ಟ್ ನೇರವಾಗಲಿ ಅಂತ. ಹೊಸ ಗಾಡಿಯ ಬೂಟು, ಬುಷ್ ಎಲ್ಲ ಗಟ್ಟಿ. ಹತ್ತು ವರ್ಷ ದಾಟಿದ ತೋಟದ ಗಾಡಿಯ ಬಾಲ್ ಜಾಯಿಂಟ್‌ಗೆ ಅದೇ ಕೋನ ಕೊಟ್ಟರೆ ಅದು ತಡೆದುಕೊಳ್ಳುವುದಿಲ್ಲ.

ಬಾಬಾಬುಡನ್ ಬದಿ, ಚಿಕ್ಕಮಗಳೂರು

ನಮಸ್ಕಾರ, ನಮ್ಮದೂ ಕಾಫಿ ತೋಟ. ನಮ್ಮ ಹತ್ತಿರ ಇರುವುದು ಇನ್ನೂ ಹಳೆಯದು, ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಎರಡೂ ಕಡೆ ಕಮಾನ್ ಇರುವ ಮಹೀಂದ್ರಾ ಜೀಪ್ ಪಿಕಪ್. ಅದನ್ನು ನಾನೇ ಓಡಿಸುತ್ತೇನೆ, ಹಾಗಾಗಿ ಈ ಚರ್ಚೆ ಓದಿ ಸುಮ್ಮನಿರಲು ಆಗಲಿಲ್ಲ.

ನಮ್ಮಂಥ ಗಾಡಿಗೆ ಎಲ್ಲರೂ ಹೇಳುವುದು ಕಮಾನನ್ನು ಆಕ್ಸಲ್ ಕೆಳಗಿನಿಂದ ತೆಗೆದು ಆಕ್ಸಲ್ ಮೇಲೆ ಕೂರಿಸಿ ಅಂತ. ಒಂದೇ ಕೆಲಸಕ್ಕೆ ನಾಲ್ಕೈದು ಇಂಚು ಎತ್ತರ. ಬಂಡೆ ಹತ್ತುವವರಿಗೆ ಅದು ಸರಿ ಇರಬಹುದು. ಮೂಟೆ ಹೊರುವ ಗಾಡಿಗೆ ನಾನು ಬೇಡ ಅಂದೆ. ಕೆಳಗೆ ಬೆಸುಗೆ ಹಾಕಿ ಹೊಸ ಪ್ಯಾಡ್ ಕೂರಿಸಬೇಕು, ಸ್ಟೀರಿಂಗ್ ರಾಡಿನ ಕೋನ ಸರಿಪಡಿಸಬೇಕು, ಪ್ರೊಪೆಲ್ಲರ್ ಶಾಫ್ಟ್ ಉದ್ದ ನೋಡಬೇಕು. ಏರಿನಲ್ಲಿ ಜೋರಾಗಿ ಒತ್ತಿದಾಗ ಆಕ್ಸಲ್ ತಿರುಚಿಕೊಂಡು ಕಮಾನ್ ಎಸ್ ಆಕಾರಕ್ಕೆ ಬರುತ್ತದೆ.

ಬಾಡಿ ಲಿಫ್ಟ್ ಬಗ್ಗೆ ಯಾರೂ ಮಾತಾಡಿಲ್ಲ, ಆದ್ದರಿಂದ ಹೇಳುತ್ತೇನೆ. ಅದು ಕ್ಯಾಬಿನ್‌ಗೂ ಚಾಸಿಗೂ ನಡುವೆ ಬಿಲ್ಲೆ ಇಟ್ಟು ಕ್ಯಾಬಿನ್ ಎತ್ತುವುದು ಅಷ್ಟೇ. ಚಾಸಿ, ಗೇರ್‌ಬಾಕ್ಸ್, ಹೌಸಿಂಗ್ ಎಲ್ಲ ಇದ್ದಲ್ಲೇ. ದೊಡ್ಡ ಟೈರಿಗೆ ಮಡ್‌ಗಾರ್ಡಿನಲ್ಲಿ ಜಾಗ ಬೇಕಾದಾಗ ಮಾತ್ರ ಅದರಿಂದ ಉಪಯೋಗ. ದಿಂಡಿಗೆ ತಳ ತಾಗುವವರಿಗೆ ಅದರಿಂದ ಏನೂ ಇಲ್ಲ. ಮೇಲಿಂದ ರೇಡಿಯೇಟರ್ ಫ್ಯಾನಿನ ಕವಚ, ಸ್ಟೀರಿಂಗ್ ಜಾಯಿಂಟ್, ಗೇರ್ ಲಿವರ್, ಡೀಸೆಲ್ ತುಂಬುವ ಪೈಪು ಎಲ್ಲಕ್ಕೂ ಕೈ ಹಾಕಬೇಕಾಗುತ್ತದೆ.

ಇನ್ನೊಂದು ಮಾತು, ಇದು ಗಾಡಿಯ ಮಾತಲ್ಲ, ರಸ್ತೆಯದು. ತೋಟದ ರಸ್ತೆಯಲ್ಲಿ ಜಾಡು ಆಳವಾಗುವುದು ಮಳೆನೀರು ಜಾಡಿನಲ್ಲೇ ಹರಿಯುವುದರಿಂದ. ಅಲ್ಲಲ್ಲಿ ಓರೆಯಾಗಿ ಅಡ್ಡಚರಂಡಿ ತೆಗೆದು ನೀರನ್ನು ಬದಿಗೆ ಇಳಿಸಿದರೆ ಜಾಡು ಅಷ್ಟು ಕೊರೆಯುವುದಿಲ್ಲ. ಮಳೆ ನಿಂತ ಕೂಡಲೇ, ಮಣ್ಣು ಇನ್ನೂ ಮೆತ್ತಗಿರುವಾಗ ದಿಂಡು ಕೆತ್ತಿಸಿ ಜಾಡಿಗೆ ಎಳೆಸುತ್ತೇವೆ, ಕಡಿದಾದ ಕಡೆ ಕಲ್ಲು ತುಂಬುತ್ತೇವೆ. ಬೇಸಿಗೆಗೆ ಬಿಟ್ಟರೆ ಅದು ಕಲ್ಲಿನಂತಾಗಿ ಹಾರೆಗೂ ಬಗ್ಗುವುದಿಲ್ಲ. ಗಾಡಿಗೆ ಹಾಕುವ ದುಡ್ಡಿನಲ್ಲಿ ಒಂದು ಪಾಲು ಅಲ್ಲಿ ಹಾಕಿ. ಆಳುಗಳು ನಡೆಯುವುದಕ್ಕೂ ಅನುಕೂಲ.

ಕಾನೂನು ನೋಡಿ, ಮೈಸೂರು

ತೋಟದ ಒಳಗಿನ ಮಾತು ಸರಿ, ಆದರೆ ಗಾಡಿ ಪೇಟೆಗೂ ಹೋಗುತ್ತದೆ ಅಂದಿದ್ದೀರಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಪ್ರಕಾರ ಕಾಯ್ದೆ ಒಪ್ಪದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಹಳದಿ ಬೋರ್ಡ್ ಆಗಿದ್ದರೆ ಹಳೇ ಗಾಡಿಗೆ ವರ್ಷ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇದೆ, ಅಲ್ಲೂ ನೋಡುತ್ತಾರೆ. ಅಪಘಾತವಾದರೆ ವಿಮೆಯವರು ಇದನ್ನೇ ಹಿಡಿದು ತಕರಾರು ತೆಗೆಯಬಹುದು. ಕೆಲಸಕ್ಕೆ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆಯವರ ಹತ್ತಿರವೂ ಕೇಳಿ, ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ. ಸವೆದ ಕಮಾನ್ ತೆಗೆದು ಕಂಪನಿ ಅಳತೆಯ ಹೊಸ ಕಮಾನ್ ಹಾಕುವುದು ರಿಪೇರಿ, ಅದಕ್ಕೆ ಈ ತೊಂದರೆ ಇಲ್ಲ.

ತೋಟದಗಾಡಿ, ಸಕಲೇಶಪುರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುಣ್ಣ ಬಳಿದು ಮೂಟೆ ಹಾಕಿ ಓಡಿಸಿ ನೋಡಿದೆ. ಎರಡು ಕಡೆ ಉಜ್ಜಿದೆ. ಒಂದು ಹಿಂದಿನ ಹೌಸಿಂಗ್ ತಳ, ಇನ್ನೊಂದು ಟ್ರಾನ್ಸ್‌ಫರ್ ಕೇಸ್ (ಮುಂದೆ ಹಿಂದೆ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಕೆಳಗಿನ ಅಡ್ಡ ಮೆಂಬರ್. ಮುಂದಿನ ಡಿಫರೆನ್ಷಿಯಲ್ ಹತ್ತಿರ ಸುಣ್ಣ ಹಾಗೇ ಇದೆ. ಬಂಪರ್ ಕೂಡ ಸರಿಯಾಗಿದೆ.

ಅಳತೆಯಲ್ಲಿ ಹಿಂದೆ ಎಡಗಡೆ ಬಲಕ್ಕಿಂತ 20 ಮಿ.ಮೀ. ತಗ್ಗು. ಮುಂದೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಲೋಡ್ ಹಾಕಿದಾಗ ಹಿಂದಿನ ಬಂಪ್ ರಬ್ಬರ್‌ಗೂ ಆಕ್ಸಲ್‌ಗೂ ನಡುವೆ ಒಂದು ಬೆರಳು ಜಾಗ ಅಷ್ಟೇ. ಟಾರ್ಚ್ ಹಾಕಿ ನೋಡಿದರೆ ಎಡಗಡೆ ಕಮಾನಿನ ಕೆಳಗಿನ ಪಟ್ಟಿಯಲ್ಲಿ ಬಿರುಕು ಕಾಣುತ್ತಿದೆ.

ಕಮಾನ್ ಕೆಲಸ, ಹಾಸನ

ಸರ್, ನಿಮ್ಮ ಗಾಡಿಗೆ ಲಿಫ್ಟ್ ಬೇಕಿಲ್ಲ, ಕಳೆದುಹೋದ ಎತ್ತರ ವಾಪಸ್ ಬೇಕು. ಅಡ್ಡ ಮೆಂಬರ್ ತಾಗುತ್ತಿರುವುದರಲ್ಲಿ ದೊಡ್ಡ ಪಾಲು ಕೂತುಹೋದ ಕಮಾನಿನದು. ಮತ್ತೆ ಆ ಬಿರುಕು ಬಿಟ್ಟ ಪಟ್ಟಿ ಇಟ್ಟುಕೊಂಡು ಲೋಡ್ ಹಾಕಬೇಡಿ, ಈಗಿನಿಂದಲೇ.

ಹಳೇ ಪಟ್ಟಿಯನ್ನೇ ಬಡಿದು ಬಗ್ಗಿಸಿ ಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ನಾನೂ ಆ ಕೆಲಸ ಮಾಡುತ್ತೇನೆ, ಆದರೆ ಲಾರಿಯ ಹಳೇ ಮಾದರಿ ದಪ್ಪ ಸೆಟ್‌ಗಳಿಗೆ, ಅದೂ ಪಟ್ಟಿ ಚೆನ್ನಾಗಿದ್ದರೆ. ಕಾಯಿಸಿ ಬಗ್ಗಿಸಿದ ಪಟ್ಟಿಗೆ ಸರಿಯಾಗಿ ಹದ ಕೊಡದಿದ್ದರೆ ಉಕ್ಕಿನ ಬಲವೇ ಹೋಗುತ್ತದೆ. ನಿಮ್ಮದು ಪ್ಯಾರಾಬೋಲಿಕ್. ಅದರಲ್ಲಿ ಪ್ರತಿ ಪಟ್ಟಿಯೂ ನಡುವೆ ದಪ್ಪ, ತುದಿಗೆ ಹೋಗುತ್ತಾ ತೆಳು. ಪಟ್ಟಿಗಳು ನಡುವೆ ಮತ್ತು ತುದಿಯಲ್ಲಿ ಮಾತ್ರ ಒಂದಕ್ಕೊಂದು ಸೇರುತ್ತವೆ, ಉಳಿದ ಕಡೆ ಗಾಳಿ ಜಾಗ. ಮಾಮೂಲಿ ಪಟ್ಟಿ ಒಂದನ್ನು ಜಾಸ್ತಿ ತುರುಕಿದರೆ ಆ ಜಾಗ ಮುಚ್ಚಿ, ಒಂದು ಕಡೆ ಉಜ್ಜಿ ಅಲ್ಲೇ ಮುರಿಯುತ್ತದೆ. ಕೆಸರುದಾರಿಯವರು ಹೇಳಿದ ಒಂದು ಪಟ್ಟಿ ಜಾಸ್ತಿ ಉಪಾಯ ನಿಮ್ಮ ಗಾಡಿಗೆ ಹಾಗಾಗಿ ಬೇಡ. ಹೊಸ ಸೆಟ್ ಹಾಕಿಸಿ, ಎರಡೂ ಕಡೆ ಒಟ್ಟಿಗೆ. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಅಂದರೆ ಗಾಡಿ ಓರೆ ನಿಲ್ಲುತ್ತದೆ.

ಗ್ಯಾರೇಜಿನವರು ಹೇಳಿದ ಬ್ಲಾಕ್ ಕೂಡ ಬೇಡ, ಅದಕ್ಕೂ ಕಾರಣ ಹೇಳುತ್ತೇನೆ. ಬ್ಲಾಕ್ ಎತ್ತರವಾದಷ್ಟೂ ಆಕ್ಸಲ್‌ಗೆ ತಿರುಚಲು ಸನ್ನೆಗೋಲು ಸಿಕ್ಕಂತೆ. ಲೋಡ್ ಹಾಕಿ ಏರು ಹತ್ತುವ ಗಾಡಿಗೆ ಅದು ಒಳ್ಳೆಯದಲ್ಲ. ಎರಡು ಬ್ಲಾಕ್ ಒಂದರ ಮೇಲೊಂದು ಇಡುವುದನ್ನೂ, ಮುಂದಿನ ಆಕ್ಸಲ್‌ಗೆ ಬ್ಲಾಕ್ ಇಡುವುದನ್ನೂ ಕಂಡರೆ ನಾನು ಆ ಗಾಡಿ ಮುಟ್ಟುವುದಿಲ್ಲ. ಬ್ರೇಕ್ ಒತ್ತಿದಾಗ ಮುಂದಿನ ಆಕ್ಸಲ್ ಮೇಲೆ ಬೀಳುವ ಬಲ ಜಾಸ್ತಿ, ಬ್ಲಾಕ್ ಜಾರಿದರೆ ಸ್ಟೀರಿಂಗ್ ಕೈಯಲ್ಲಿ ಉಳಿಯುವುದಿಲ್ಲ.

ಶ್ಯಾಕಲ್ ಉದ್ದ ಮಾಡಿದರೆ ಅದರ ಅರ್ಧದಷ್ಟೇ ಎತ್ತರ ಸಿಗುತ್ತದೆ, ಪಿನಿಯನ್ ಮೂತಿಯ (ಹೌಸಿಂಗಿಗೆ ಪ್ರೊಪೆಲ್ಲರ್ ಶಾಫ್ಟ್ ಸೇರುವ ಜಾಗ) ಕೋನವೂ ಬದಲಾಗುತ್ತದೆ. ನಿಮಗೆ ಅದರ ಅಗತ್ಯ ಇಲ್ಲ. ಶ್ಯಾಕಲ್ ಬುಷ್, ಪಿನ್ ಮಾತ್ರ ಹೊಸದು ಹಾಕಿಸಿ.

ಮರೆಯಲೇಬಾರದ ಇನ್ನೊಂದು. ಹಿಂದಿನ ಬ್ರೇಕಿಗೆ ಲೋಡ್ ನೋಡಿ ಒತ್ತಡ ಕೊಡುವ ವಾಲ್ವ್ ಇದ್ದರೆ ಅದರಿಂದ ಒಂದು ರಾಡ್ ಆಕ್ಸಲ್‌ಗೆ ಹೋಗಿರುತ್ತದೆ. ಚಾಸಿ ಎತ್ತರವಾದರೆ ವಾಲ್ವ್ ಗಾಡಿ ಖಾಲಿ ಇದೆ ಅಂದುಕೊಳ್ಳುತ್ತದೆ, ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಮಾಡುತ್ತದೆ. ಶಿರಾಡಿ ಘಾಟಿಯಲ್ಲಿ ಮೂಟೆ ಹೊತ್ತು ಇಳಿಯುವಾಗ ಮುಂದಿನ ಬ್ರೇಕ್ ಒಂದೇ ದುಡಿಯುವಂತಾಗುತ್ತದೆ. ಹೊಸ ಕಮಾನ್ ಹಾಕಿದ ಮೇಲೆ ಆ ರಾಡಿನ ಸೆಟ್ಟಿಂಗ್ ಸರಿ ಮಾಡಿಸಿ. ಕೂತುಹೋದ ಕಮಾನಿಗೆ ಹೊಂದಿಸಿ ಯಾರಾದರೂ ಅದನ್ನು ಮುಂಚೆ ಬದಲಾಯಿಸಿರಲೂಬಹುದು.

ಕೆಸರುದಾರಿ, ಬೆಂಗಳೂರು

ಇಷ್ಟು ಓದಿದ ಮೇಲೆ ಮೂರು ಇಂಚಿನ ಮಾತು ಈ ಗಾಡಿಗೆ ಬೇಡ ಅಂತ ನನಗೂ ಅನ್ನಿಸುತ್ತದೆ. ಆದರೆ ಟೈರ್ ವಿಷಯದಲ್ಲಿ ನಾನು ಗಟ್ಟಿ. ಹೌಸಿಂಗ್ ತಾಗುತ್ತಿರುವುದಕ್ಕೆ ಬೇರೆ ದಾರಿಯೇ ಇಲ್ಲ ಅಲ್ವಾ? 245/75 ಹಾಕಿಸಿ ಅಣ್ಣಾ. 265/75 ಆದರೆ ಮಡ್‌ಗಾರ್ಡಿಗೆ ಉಜ್ಜುತ್ತದೆ, ಕತ್ತರಿಸುವ ಕೆಲಸ ಶುರುವಾಗುತ್ತದೆ.

ಟೈರ್ ಎತ್ತರ ಶೇ. 5ರಷ್ಟು ಹೆಚ್ಚುವುದರಿಂದ ಮೀಟರ್ 60 ತೋರಿಸುವಾಗ ಗಾಡಿ 63ರಲ್ಲಿರುತ್ತದೆ. ಮೊದಲ ಗೇರಿನಲ್ಲಿ ಎಳೆತ ಅಷ್ಟೇ ಕಡಿಮೆಯಾಗುತ್ತದೆ, ಏರಿನಲ್ಲಿ ಲೋ ರೇಂಜ್ (ನಿಧಾನಕ್ಕೆ ಜೋರಾಗಿ ಎಳೆಯುವ ಗೇರು) ಹಾಕಿಕೊಂಡರೆ ಕ್ಲಚ್ ಉಳಿಯುತ್ತದೆ. ಲೋಡ್ ಇಂಡೆಕ್ಸ್ (ಟೈರ್ ಹೊರುವ ಭಾರ ಹೇಳುವ ಸಂಖ್ಯೆ) ಈಗಿರುವುದಕ್ಕಿಂತ ಕಡಿಮೆ ಇರಬಾರದು. ನಾಲ್ಕೂ ಟೈರ್ ಒಂದೇ ಅಳತೆ, ಸ್ಟೆಪ್ನಿ ಕೂಡ. ಫೋರ್‌ವ್ಹೀಲ್ ಹಾಕಿದಾಗ ಮುಂದೆ ಒಂದು ಅಳತೆ ಹಿಂದೆ ಒಂದು ಅಳತೆ ಇದ್ದರೆ ಟ್ರಾನ್ಸ್‌ಫರ್ ಕೇಸ್ ಒಳಗೆ ಬಿಗಿದುಕೊಳ್ಳುತ್ತದೆ. ಕಾನೂನಿನವರು ಹೇಳಿದ್ದನ್ನು ಇದಕ್ಕೂ ಕೇಳಿಕೊಳ್ಳಿ.

ಮಸ್ಕತ್ ಕನ್ನಡಿಗ

ಟೈರ್ ಬದಲಿಸುವ ಮೊದಲು ಗಾಳಿಯನ್ನೂ ನೋಡಿ. ಇಲ್ಲಿ ಷರ್ಕಿಯಾ ಮರಳುಗಾಡಿಗೆ ಇಳಿಯುವ ಮುಂಚೆ ಎಲ್ಲರೂ 15ರಿಂದ 18 ಪಿಎಸ್‌ಐಗೆ ಇಳಿಸುತ್ತೇವೆ. ತೋಟದಲ್ಲಿ ಲೋಡ್ ಇರುವಾಗ ಅಷ್ಟು ಇಳಿಸಬಾರದು. ಖಾಲಿ ಗಾಡಿಯಲ್ಲಿ ಜಾರುವ ಕಡೆ ಸ್ವಲ್ಪ ಇಳಿಸಿದರೆ ಹಿಡಿತ ಚೆನ್ನಾಗಿ ಬರುತ್ತದೆ, ಟಾರ್ ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಬೇಕು. ಆದರೆ ನೆನಪಿರಲಿ, ಗಾಳಿ ಇಳಿಸಿದರೆ ಹೌಸಿಂಗ್ ಇನ್ನೂ ಕೆಳಗೆ ಬರುತ್ತದೆ. ದಿಂಡು ಇರುವ ಕಡೆ ಬೇಡ.

ತೋಟದಗಾಡಿ, ಸಕಲೇಶಪುರ

ಸರಿ, ಹೀಗೆ ತೀರ್ಮಾನ ಮಾಡಿದ್ದೇನೆ. ಹಿಂದೆ ಎರಡೂ ಕಡೆ ಹೊಸ ಕಮಾನ್ ಸೆಟ್. ಈಗಿನ ಟೈರ್ ಹೇಗೂ ಸವೆದಿದೆ, ಆರ್‌ಟಿಒದಲ್ಲಿ ಕೇಳಿಕೊಂಡು 245/75. ಅಡ್ಡ ಮೆಂಬರ್ ಕೆಳಗೆ ಒಂದು ಉಕ್ಕಿನ ಗಾರ್ಡ್ ಪ್ಲೇಟ್. ಬಾಡಿ ಲಿಫ್ಟ್ ಇಲ್ಲ, ಬ್ಲಾಕ್ ಇಲ್ಲ. ಚಿಕ್ಕಮಗಳೂರಿನ ಮೇಡಂ ಹೇಳಿದ ಅಡ್ಡಚರಂಡಿ ಕೆಲಸ ಮುಂದಿನ ವಾರವೇ ಶುರು, ಮಣ್ಣು ಇನ್ನೂ ಮೆತ್ತಗಿದೆ. ಮುಂದಿನ ಟಾರ್ಷನ್ ಬಾರ್ ಮುಟ್ಟಬೇಕೇ ಬೇಡವೇ?

ಕಮಾನ್ ಕೆಲಸ, ಹಾಸನ

ಮೊದಲು ಹಿಂದಿನದು ಮುಗಿಯಲಿ. ಪಿಕಪ್‌ಗಳನ್ನು ಕಂಪನಿಯವರು ಹಿಂದೆ ಸ್ವಲ್ಪ ಎತ್ತರ ಇಟ್ಟಿರುತ್ತಾರೆ, ಲೋಡ್ ಬಿದ್ದಾಗ ಸಮವಾಗಲಿ ಅಂತ. ಖಾಲಿ ಗಾಡಿ ಮೂತಿ ತಗ್ಗಿ ಕಾಣುತ್ತದೆ ಅಂತ ಮುಂದೆ ಎತ್ತಿಬಿಟ್ಟರೆ, ಮೂಟೆ ಹಾಕಿದಾಗ ಮೂತಿ ಆಕಾಶ ನೋಡುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹೊಸ ಕಮಾನ್ ಒಂದಿಷ್ಟು ದಿನ ಓಡಿ ಕೂತ ಮೇಲೆ ಮತ್ತೆ ಹಬ್ಬಿನಿಂದ ಅಳೆಯಿರಿ. ಕಂಪನಿ ಅಳತೆಗಿಂತ ಮುಂದೆ ತಗ್ಗಿದ್ದರೆ ಆ ಅಳತೆಗೆ ತನ್ನಿ, ಅದಕ್ಕಿಂತ ಮೇಲೆ ಬೇಡ. ಸುಣ್ಣ ಮುಂದೆ ಉಜ್ಜಿಲ್ಲವಲ್ಲ.

ಕೆಲಸಕ್ಕೆ ಕೊಡುವಾಗ ಕಮಾನನ್ನು ಆಕ್ಸಲ್ಲಿಗೆ ಬಿಗಿಯುವ ಹಳೇ ಯು ಬೋಲ್ಟ್ ಮತ್ತೆ ಹಾಕಲು ಬಿಡಬೇಡಿ, ಒಮ್ಮೆ ಬಿಗಿದದ್ದು ಹಿಗ್ಗಿರುತ್ತದೆ. ಹೊಸದು ತರಿಸಿ, ಅಡ್ಡಡ್ಡವಾಗಿ ಬಿಗಿಸಿ. ಬುಷ್ ಬೋಲ್ಟ್‌ಗಳ ಕೊನೆಯ ಬಿಗಿ ಗಾಡಿ ನೆಲದ ಮೇಲೆ ನಿಂತಾಗಲೇ ಆಗಬೇಕು, ಜಾಕ್ ಮೇಲೆ ಇದ್ದಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಹರಿಯುತ್ತದೆ. ಆಮೇಲೆ ಬ್ರೇಕ್ ವಾಲ್ವ್ ರಾಡ್, ಟೈರ್, ಅಲೈನ್‌ಮೆಂಟ್, ಹೆಡ್‌ಲೈಟ್, ಈ ಸಾಲಿನಲ್ಲಿ. ಮುನ್ನೂರು ನಾನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್ ಇನ್ನೊಮ್ಮೆ ಬಿಗಿಸಿ. ಕಮಾನ್ ಸೆಟ್ ತರುವಾಗ ಚಾಸಿ ನಂಬರ್ ಒಯ್ಯಿರಿ, ಟೂವ್ಹೀಲ್ ಮಾದರಿಯ ಸೆಟ್ ಕೊಟ್ಟುಬಿಟ್ಟಾರು.